ಕರಗುವ ಹೊತ್ತಿನ ರುಚಿ

ಬೇಸಗೆ ರಜೆಗೆ ಅಜ್ಜನ ಮನೆಗೆ ಹೋದರೆ, ಮಧ್ಯಾಹ್ನದ ಊಟ ಮುಗಿಸಿ ದೊಡ್ಡವರೆಲ್ಲ ಚಾವಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ನಾವು ಮಕ್ಕಳು ಕಣ್ಣು ಮುಚ್ಚಿಕೊಂಡು ಕಿವಿಯನ್ನು ಮಾತ್ರ ರಸ್ತೆಯ ಕಡೆಗೆ ಇಟ್ಟಿರುತ್ತಿದ್ದೆವು. ಗೇರುಗುಡ್ಡೆಯ ತಿರುವಿನಲ್ಲಿ ‘ಪೊಂಯ್ ಪೊಂಯ್’ ಎಂದು ರಬ್ಬರ್ ಹಾರ್ನಿನ ಸದ್ದು ಕೇಳಿದ್ದೇ ತಡ, ಬೆಳಗ್ಗಿನಿಂದ ಹೆಕ್ಕಿಟ್ಟ ಗೇರುಬೀಜ ಕಿಸೆಗೆ ತುಂಬಿಕೊಂಡು ಒಂದೇ ಓಟ. ಸೈಕಲ್ಲಿನ ಹಿಂದೆ ಕಟ್ಟಿದ ಮರದ ಪೆಟ್ಟಿಗೆ, ಮುಚ್ಚಳ ತೆಗೆದೊಡನೆ ಮುಖಕ್ಕೆ ಬಡಿಯುವ ಬಿಳಿ ಹಬೆ, ಒಳಗೆ ಸಾಲಾಗಿ ಮಲಗಿದ ಕೆಂಪು, ಹಳದಿ, ಕಿತ್ತಳೆ ಬಣ್ಣದ ಐಸ್‌ಕ್ಯಾಂಡಿಗಳು. ಒಂದು ಮುಷ್ಟಿ ಗೇರುಬೀಜಕ್ಕೆ ಒಂದು ಕ್ಯಾಂಡಿ.

ಕ್ಯಾಂಡಿ ತಿನ್ನುವುದರಲ್ಲಿ ಎರಡು ಪಂಗಡ. ಕಚ್ಚುವವರು ಮತ್ತು ಚೀಪುವವರು. ನಾನು ಚೀಪುವ ಪಂಗಡದವಳು. ತುದಿಯನ್ನು ತುಟಿಗಿಟ್ಟು ಜೋರಾಗಿ ಎಳೆದರೆ ಬಣ್ಣವೂ ಸಿಹಿಯೂ ಸರ್ರನೆ ಬಾಯಿಗೆ ಬಂದು ಕಡ್ಡಿಯಲ್ಲಿ ಬರೇ ಬಿಳಿ ಮಂಜುಗಡ್ಡೆ ಉಳಿಯುತ್ತಿತ್ತು. ‘ಬಣ್ಣ ಎಲ್ಲ ನಂಗೇ ಬಂತು’ ಎಂದು ನಾಲಿಗೆ ಚಾಚಿ ತೋರಿಸಿಕೊಳ್ಳುವುದು ಆ ವಯಸ್ಸಿನ ದೊಡ್ಡ ಹೆಮ್ಮೆ. ಆದರೆ ಬಣ್ಣ ಮಾತ್ರ ಬಂದು ಗಡ್ಡೆ ಹೇಗೆ ಉಳಿಯಿತು ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಈಗ ಯೋಚಿಸಿದರೆ, ಐಸ್‌ಕ್ರೀಮಿನ ಪೂರ್ತಿ ಗುಟ್ಟು ಆ ಕಡ್ಡಿಯ ತುದಿಯಲ್ಲೇ ಇತ್ತು.

ನೀರು ಹೆಪ್ಪುಗಟ್ಟುವಾಗ ಬೇರೆ ಯಾವುದನ್ನೂ ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಸಕ್ಕರೆ, ಬಣ್ಣ, ಹುಳಿ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ತಾನು ಮಾತ್ರ ಹರಳಾಗುತ್ತದೆ. ಹಾಗೆ ತಳ್ಳಿಸಿಕೊಂಡ ಸಕ್ಕರೆಯೆಲ್ಲ ಉಳಿದ ನೀರಿನಲ್ಲಿ ಕೂಡಿಕೊಂಡು ಪಾಕವಾಗುತ್ತಾ ಹೋಗುತ್ತದೆ. ಪಾಕ ಗಟ್ಟಿಯಾದಷ್ಟೂ ಅದನ್ನು ಹೆಪ್ಪುಗಟ್ಟಿಸುವುದು ಕಷ್ಟ. ಕೊನೆಗೆ ಹರಳುಗಳ ನಡುವಿನ ಸಂದುಗಳಲ್ಲಿ ಪಾಕ ದ್ರವವಾಗಿಯೇ ಉಳಿದುಬಿಡುತ್ತದೆ. ನಾವು ಚೀಪಿ ಎಳೆಯುತ್ತಿದ್ದದ್ದು ಅದನ್ನೇ. ಐಸ್‌ಕ್ರೀಮೂ ಹೀಗೆಯೇ. ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ, ಸೌಟು ಇಳಿಯದಷ್ಟು ಗಟ್ಟಿಯಾಗಿರುವಾಗಲೂ, ಅದರಲ್ಲಿರುವ ನೀರಿನ ಸುಮಾರು ಮುಕ್ಕಾಲು ಪಾಲು ಮಾತ್ರ ಹರಳಾಗಿರುತ್ತದೆ. ಉಳಿದ ಕಾಲು ಪಾಲು ಪಾಕ. ರುಚಿ ಇರುವುದು ಅಲ್ಲಿ. ಆದ್ದರಿಂದ ಐಸ್‌ಕ್ರೀಂ ತಿನ್ನುವ ಒಳ್ಳೆಯ ಉಪಾಯಗಳೆಲ್ಲ ಕೊನೆಗೆ ಒಂದೇ ಕೆಲಸ ಮಾಡುತ್ತವೆ: ಆ ಪಾಕಕ್ಕೆ ನಾಲಿಗೆಯನ್ನು ತಲುಪಲು ಹೊತ್ತು ಕೊಡುತ್ತವೆ.

ನಮ್ಮ ಅಜ್ಜನ ಮನೆಯಲ್ಲಿ ಕೈಯಿಂದ ತಿರುಗಿಸುವ ಐಸ್‌ಕ್ರೀಂ ಮೆಷಿನ್ ಒಂದಿತ್ತು. ಮರದ ಬಕೆಟ್ಟು, ಅದರೊಳಗೆ ತಗಡಿನ ಡಬ್ಬ, ಮೇಲೊಂದು ಹಿಡಿಕೆ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಪೇಟೆಂಟ್ ಪಡೆದ ಯಂತ್ರದ ವಂಶದ್ದೇ ಅದು; ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಏನಾದರೂ ವಿಶೇಷವಿದ್ದರೆ ಮಾವ ಪೇಟೆಯಿಂದ ಹೊಟ್ಟು ಹಾಕಿ ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆ ತರುತ್ತಿದ್ದರು. ಹೊಟ್ಟು ತೊಳೆದು, ಒನಕೆಯಿಂದ ಒಡೆದು, ಡಬ್ಬದ ಸುತ್ತ ಒಂದು ಪದರ ಗಡ್ಡೆ, ಒಂದು ಪದರ ಕಲ್ಲುಪ್ಪು ಎಂದು ತುಂಬುವುದು ಅತ್ತೆಯ ಕೆಲಸ. ಹಿಡಿಕೆ ತಿರುಗಿಸುವುದು ನಮ್ಮ ಸರದಿ.

ಮಂಜುಗಡ್ಡೆಗೆ ಉಪ್ಪು ಹಾಕಿದರೆ ಅದು ಬೇಗ ಕರಗಿಹೋಗುತ್ತದಲ್ಲ, ಮತ್ತೆ ಯಾಕೆ ಹಾಕುವುದು? ಕರಗಲಿ ಎಂದೇ ಹಾಕುವುದು. ಸಿಹಿ ಹಾಲು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ; ಅದಕ್ಕೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಇಳಿಯಬೇಕು. ಬರೇ ಮಂಜುಗಡ್ಡೆ ಎಷ್ಟು ತುಂಬಿದರೂ ಸೊನ್ನೆಗಿಂತ ಕೆಳಗೆ ತಂಪು ಕೊಡಲಾರದು. ಉಪ್ಪು ಬಿದ್ದರೆ ಗಡ್ಡೆ ಕರಗತೊಡಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದ, ಅಂದರೆ ಡಬ್ಬದೊಳಗಿನ ಹಾಲಿನಿಂದಲೂ, ಕಿತ್ತುಕೊಳ್ಳುತ್ತದೆ. ಉಪ್ಪಿನ ಪ್ರಮಾಣ ಸರಿಯಾಗಿದ್ದರೆ ಆ ಉಪ್ಪುನೀರು ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು.

ಇನ್ನು ಆ ತಿರುಗಿಸುವ ಕೆಲಸ. ಡಬ್ಬದ ಒಳಗೋಡೆಯಲ್ಲಿ ಹಾಲು ಹರಳುಗಟ್ಟುತ್ತದೆ, ಒಳಗಿನ ರೆಕ್ಕೆ ಅದನ್ನು ಕೆರೆದು ನಡುವಿಗೆ ತರುತ್ತದೆ. ಹರಳು ದೊಡ್ಡದಾಗಿ ಬೆಳೆಯಲು ಬಿಡುವುದಿಲ್ಲ. ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಚಿಕ್ಕದಾದರೆ ನಾಲಿಗೆಗೆ ಅದು ಹರಳೆಂದು ತಿಳಿಯುವುದೇ ಇಲ್ಲ, ನುಣ್ಣಗೆ ಅನ್ನಿಸುತ್ತದೆ. ಜೊತೆಗೆ ಗಾಳಿಯೂ ಸೇರುತ್ತದೆ. ಮೊದಲ ಹತ್ತು ನಿಮಿಷ ಹಿಡಿಕೆ ಸಲೀಸಾಗಿ ತಿರುಗುತ್ತಿತ್ತು, ಎಲ್ಲರಿಗೂ ‘ನಂಗೆ ನಂಗೆ’. ಆಮೇಲೆ ಭಾರವಾಗುತ್ತಾ ಬಂದ ಹಾಗೆ ಚಿಕ್ಕವರು ಒಬ್ಬೊಬ್ಬರೇ ಜಾರಿಕೊಂಡು, ಕೊನೆಗೆ ಮಾವನೇ ಪಂಚೆ ಎತ್ತಿಕಟ್ಟಿ ಕುಳಿತು ತಿರುಗಿಸಬೇಕಾಗುತ್ತಿತ್ತು. ಹಿಡಿಕೆ ಇನ್ನು ತಿರುಗದು ಎಂದಾಗ ಐಸ್‌ಕ್ರೀಂ ಆಯಿತೆಂದು ಲೆಕ್ಕ. ಒಂದು ವರ್ಷ ಅವಸರದಲ್ಲಿ ಮುಚ್ಚಳ ಒರೆಸದೆ ತೆಗೆದು, ಸುತ್ತಲಿನ ಉಪ್ಪುನೀರು ಡಬ್ಬಕ್ಕೆ ಇಳಿದು, ಇಡೀ ಡಬ್ಬ ದನದ ಕಲಗಚ್ಚಿಗೆ ಹೋಯಿತು. ಅಂದಿನಿಂದ ಅತ್ತೆ ಬೈರಾಸಿನಿಂದ ಮುಚ್ಚಳದ ಅಂಚನ್ನು ಮೂರು ಸಲ ಒರೆಸಿಯೇ ತೆಗೆಯುತ್ತಿದ್ದರು. ಆ ಮೂರು ಸಲದಷ್ಟು ಉದ್ದದ ಕಾಯುವಿಕೆಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಈ ಮೆಷಿನ್ ಈಗ ಅಪರೂಪ. ಆದರೆ ಅದೇ ಕೆಲಸವನ್ನು ಎರಡು ಜಿಪ್ ಚೀಲಗಳಿಂದ ಮಾಡಬಹುದು. ರಜೆಯಲ್ಲಿ ಮನೆ ತುಂಬಾ ಮಕ್ಕಳಿರುವವರು ಒಮ್ಮೆ ಮಾಡಿ ನೋಡಲೇಬೇಕು. ಚಿಕ್ಕ ಚೀಲಕ್ಕೆ ಕಾಯಿಸಿ ಆರಿಸಿದ ಒಂದು ಲೋಟ ಗಟ್ಟಿ ಹಾಲು, ಎರಡು ಚಮಚ ಸಕ್ಕರೆ, ಸ್ವಲ್ಪ ಕೆನೆ, ಒಂದು ಚಿಟಿಕೆ ಏಲಕ್ಕಿ. ಗಾಳಿ ಹೊರಗೆ ಹಾಕಿ ಬಿಗಿಯಾಗಿ ಮುಚ್ಚಿ. ದೊಡ್ಡ ಚೀಲಕ್ಕೆ ಅರ್ಧದಷ್ಟು ಐಸ್ ತುಂಡು, ಒಂದು ದೊಡ್ಡ ಮುಷ್ಟಿ ಕಲ್ಲುಪ್ಪು ಹಾಕಿ, ಚಿಕ್ಕ ಚೀಲವನ್ನು ಅದರೊಳಗಿಟ್ಟು ಮುಚ್ಚಿ, ದಪ್ಪ ಟವೆಲಿನಲ್ಲಿ ಸುತ್ತಿ ಮಕ್ಕಳ ಕೈಗೆ ಕೊಡಿ. ಟವೆಲು ಬೇಕೇ ಬೇಕು. ಉಪ್ಪುನೀರು ಬರಿಗೈಗೆ ಸುಟ್ಟಂತೆ ಚುರುಗುಟ್ಟುತ್ತದೆ. ಹತ್ತು ಹದಿನೈದು ನಿಮಿಷ ಕುಲುಕಿದರೆ ಒಳಗಿನ ಹಾಲು ಮೆತ್ತನೆಯ ಐಸ್‌ಕ್ರೀಂ ಆಗಿರುತ್ತದೆ. ತೆರೆಯುವ ಮುನ್ನ ಚಿಕ್ಕ ಚೀಲವನ್ನು ತಣ್ಣೀರಿನಲ್ಲಿ ತೊಳೆಯುವುದನ್ನು ಮರೆಯಬೇಡಿ. ನಮ್ಮ ಅತ್ತೆಯ ಬೈರಾಸು ನೆನಪಿರಲಿ.

ಕುಲುಕುವ, ತಿರುಗಿಸುವ ಗೊಡವೆಯೇ ಬೇಡವೆಂದವರಿಗೆ ಕುಲ್ಫಿ ಇದೆ. ಹಾಲನ್ನು ಅರ್ಧಕ್ಕಿಂತ ಕಡಿಮೆಯಾಗುವಷ್ಟು ಬತ್ತಿಸಿದರೆ ನೀರೇ ಕಡಿಮೆ, ಆದ್ದರಿಂದ ಹರಳಿನ ಕಾಟವೂ ಕಡಿಮೆ. ಗಾಳಿ ಸೇರಿಸದೆ ಹಾಗೇ ಗಟ್ಟಿ ಮಾಡುವುದರಿಂದ ಕುಲ್ಫಿ ಒತ್ತಾಗಿರುತ್ತದೆ, ನಿಧಾನವಾಗಿ ಕರಗುತ್ತದೆ. ಮಡಕೆಯೊಳಗಿನ ಐಸು ಉಪ್ಪಿನಲ್ಲಿ ಹುದುಗಿಸಿಟ್ಟ ಕೊಳವೆಯನ್ನು ಎತ್ತಿ, ಎರಡು ಅಂಗೈಗಳ ನಡುವೆ ಗರಗರ ಉರುಳಿಸಿ, ಕಡ್ಡಿ ಚುಚ್ಚಿ ಎಳೆದು ಕೊಡುವ ಕುಲ್ಫಿಯವರ ಕೈಚಳಕ ನೋಡುವುದೇ ಒಂದು ಚಂದ. ಉತ್ತರದ ಕಡೆ ಮಾವಿನ ಹಣ್ಣಿನೊಳಗೇ ಕುಲ್ಫಿ ಮಾಡುವ ಕ್ರಮವೊಂದಿದೆ, ನಮ್ಮ ಬಾದಾಮಿ ಮಾವಿಗೆ ಅದು ಹೇಳಿ ಮಾಡಿಸಿದಂತಿದೆ. ತೊಟ್ಟಿನ ಬದಿಯನ್ನು ಮುಚ್ಚಳದಂತೆ ಕೊಯ್ದು, ಗೊರಟಿನ ಸುತ್ತ ಚೂರಿ ಆಡಿಸಿ, ಸಿಪ್ಪೆ ಹರಿಯದಂತೆ ಗೊರಟನ್ನು ಎಳೆದುಬಿಡಿ. ಆ ಟೊಳ್ಳಿಗೆ ಬತ್ತಿಸಿದ ಹಾಲು ತುಂಬಿ, ಮುಚ್ಚಳ ಇಟ್ಟು, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಮಾರನೇ ದಿನ ಸಿಪ್ಪೆ ಹೆರೆದು ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ನಡುವೆ ಬಿಳಿ ಕುಲ್ಫಿ, ಸುತ್ತ ಕೇಸರಿ ಹಣ್ಣಿನ ಬಳೆ.

ಅಂಗಡಿಯ ಡಬ್ಬ ತರುವಾಗ ಒಂದೆರಡು ವಿಷಯ ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ‘ಐಸ್‌ಕ್ರೀಂ’ ಎಂದು ಬರೆಯಬೇಕಾದರೆ ಕೊಬ್ಬು ಹಾಲಿನದ್ದೇ ಆಗಿರಬೇಕು, ಮಾಮೂಲಿ ಐಸ್‌ಕ್ರೀಮಿನಲ್ಲಿ ಕನಿಷ್ಠ ಶೇ 10ರಷ್ಟು. ಸಸ್ಯಜನ್ಯ ಎಣ್ಣೆಯಿಂದ ಮಾಡಿದ್ದರೆ ಅದು ‘ಫ್ರೋಜನ್ ಡೆಸರ್ಟ್’. ಪಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ, ಡಬ್ಬದ ಚಿತ್ರವೂ ಒಂದೇ ತರಹ. ಹಾಲಿನ ಕೊಬ್ಬು ನಾಲಿಗೆಯ ಶಾಖಕ್ಕೆ ಕರಗಿ ಪರಿಮಳ ಬಿಡುವ ರೀತಿಗೆ ಬೇರೆ ಸಾಟಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು, ಲೀಟರ್ ನೋಡಬೇಡಿ, ಗ್ರಾಂ ನೋಡಿ. ಐಸ್‌ಕ್ರೀಮಿನ ಗಾತ್ರದಲ್ಲಿ ಅರ್ಧದವರೆಗೂ ಗಾಳಿ ಇರಬಹುದು. ಒಂದೇ ಗಾತ್ರದ ಎರಡು ಡಬ್ಬಗಳನ್ನು ಕೈಯಲ್ಲಿ ಹಿಡಿದರೆ ತೂಕದ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ತಂದದ್ದನ್ನು ಫ್ರೀಜರಿನಿಂದ ತೆಗೆದೊಡನೆ ತಿನ್ನಬೇಡಿ. ಹತ್ತು ನಿಮಿಷ ಕೆಳಗಿನ ಫ್ರಿಜ್ಜಿನಲ್ಲಿಡಿ. ಅತಿ ತಣ್ಣಗಿರುವಾಗ ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯದು, ಪರಿಮಳ ಮೇಲೇಳದು. ಅದಕ್ಕಾಗಿಯೇ ಮಾಡುವವರು ಸಕ್ಕರೆಯನ್ನು ಸ್ವಲ್ಪ ಮುಂದಾಗಿಯೇ ಹಾಕಿರುತ್ತಾರೆ; ಪೂರ್ತಿ ಕರಗಿದ ಐಸ್‌ಕ್ರೀಂ ಕುಡಿದರೆ ಗಂಟಲು ಕಟ್ಟುವಷ್ಟು ಸಿಹಿ ಅನ್ನಿಸುವುದು ಇದೇ ಕಾರಣಕ್ಕೆ. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡುವುದಂತೂ ಬೇಡವೇ ಬೇಡ. ಸಣ್ಣ ಹರಳುಗಳು ಕರಗಿ, ಮತ್ತೆ ಹೆಪ್ಪುಗಟ್ಟುವಾಗ ದೊಡ್ಡ ಹರಳುಗಳಿಗೆ ಅಂಟಿಕೊಳ್ಳುತ್ತವೆ, ತಿಂದರೆ ಮರಳು ಮರಳು.

ಬಿಸಿ ಮತ್ತು ತಣ್ಣನೆಯ ಜೋಡಿ ನನಗೆ ಬಹಳ ಇಷ್ಟ. ಮದುವೆ ಮನೆಯಲ್ಲಿ ಬಿಸಿ ಜಾಮೂನಿನ ಮೇಲೆ ವೆನಿಲಾ ಹಾಕಿ ಕೊಡುತ್ತಾರಲ್ಲ, ಜಾಮೂನಿಗೆ ತಾಗಿದ ಕಡೆ ಐಸ್‌ಕ್ರೀಂ ಕರಗಿ ಪಾಕದೊಡನೆ ಬೆರೆತು ಒಂದು ಹೊಸ ಸಾರವಾಗುತ್ತದೆ. ಕಾಯಿ ಹೋಳಿಗೆಯನ್ನು ಕಾವಲಿಯಿಂದ ತೆಗೆದು ತುಪ್ಪದ ಬದಲು ಒಂದು ಸೌಟು ವೆನಿಲಾ ಹಾಕಿ ನೋಡಿ. ಕ್ಯಾರೆಟ್ ಹಲ್ವದ ಮೇಲೆ ಹಾಕುವುದು ಎಲ್ಲರಿಗೂ ಗೊತ್ತು. ಇಟಲಿಯವರು ವೆನಿಲಾದ ಮೇಲೆ ಕಡು ಕಾಫಿ ಸುರಿದು ಅದಕ್ಕೆ ಅಫೊಗಾಟೊ ಎನ್ನುತ್ತಾರೆ, ಮುಳುಗಿದ್ದು ಎಂದರ್ಥ. ಅದಕ್ಕೆ ಬೇಕಾದ ಸರಂಜಾಮು ನಮ್ಮ ಮನೆಗಳಲ್ಲೇ ಇದೆ. ಫಿಲ್ಟರಿನ ಕೆಳಗೆ ಇಳಿದ ಮೊದಲ ಡಿಕಾಕ್ಷನ್, ಹಾಲು ಬೆರೆಸದೆ, ಬಿಸಿಬಿಸಿಯಾಗಿ ಎರಡು ಚಮಚ. ಕಹಿ ಮೊದಲು, ತಂಪು ಆಮೇಲೆ, ಸಿಹಿ ಕೊನೆಗೆ ಬರುತ್ತದೆ. ಬೆಂಗಳೂರಿನವರಿಗೆ ಈ ಬಿಸಿ ತಣ್ಣನೆಯ ರುಚಿ ಹತ್ತಿಸಿದ್ದು 1982ರಲ್ಲಿ ಶುರುವಾದ ಕಾರ್ನರ್ ಹೌಸ್. ಅಲ್ಲಿನ ‘ಡೆತ್ ಬೈ ಚಾಕೊಲೇಟ್’ನಲ್ಲಿ ಕೇಕು, ಐಸ್‌ಕ್ರೀಂ, ಅದರ ಮೇಲೆ ಹರಿದ ಚಾಕೊಲೇಟ್ ಸಾಸು. ಊರು ಅದನ್ನು ಪ್ರೀತಿಯಿಂದ ಡಿಬಿಸಿ ಎಂದು ಕರೆಯುತ್ತದೆ. ಒಬ್ಬರಿಗೆ ಹೆಚ್ಚು, ಇಬ್ಬರಿಗೆ ಸಾಕು. ಹಂಚಿಕೊಂಡು ತಿನ್ನಲೆಂದೇ ಮಾಡಿದಂತಿದೆ.

ಹಣ್ಣಿನ ಐಸ್‌ಕ್ರೀಮಿನ ಮಾತು ಬಂದರೆ ನಮ್ಮ ಜಿಲ್ಲೆಯವರಿಗೆ ಎದೆಯುಬ್ಬುತ್ತದೆ. ದಕ್ಷಿಣ ಕನ್ನಡದ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತರು 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಅಂಗಡಿ ತೆರೆದರು. ಎಸೆನ್ಸ್ ಹಾಕಿ ಹಣ್ಣಿನ ಹೆಸರಿಡುತ್ತಿದ್ದ ಕಾಲದಲ್ಲಿ ಅವರು ಹಣ್ಣನ್ನೇ ಹಾಕಿದರು: ಸೀತಾಫಲ, ಮಾವು, ಹಲಸು, ಬೊಂಡ ಅಂದರೆ ಎಳನೀರು. ಐಸ್‌ಕ್ರೀಂ ಮಾತ್ರ ಇಟ್ಟರೆ ಜನ ಬರುವುದಿಲ್ಲವೆಂದು ಮೊದಮೊದಲು ಪಾವ್‌ಭಾಜಿಯನ್ನೂ ಮಾರಿದರು. ಖಾರ ತಿಂದವರು ತಾವಾಗಿ ತಂಪು ಹುಡುಕುತ್ತಾರೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಮೆಣಸಿನ ಉರಿ ತರುವ ಅಂಶ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನ ಪ್ರೋಟೀನೂ ಅದನ್ನು ನಾಲಿಗೆಯಿಂದ ಬಿಡಿಸುತ್ತದೆ. ಗಾಂಧಾರಿ ಮೆಣಸಿನ ಚಟ್ನಿಯಲ್ಲಿ ಅದ್ದಿದ ಗೋಳಿಬಜೆ ತಿಂದ ಬಾಯಿಗೆ ಒಂದು ಚಮಚ ಬೊಂಡ ಐಸ್‌ಕ್ರೀಂ ಇಟ್ಟವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಪೇರಳೆ ಐಸ್‌ಕ್ರೀಮಿನ ಮೇಲೆ ಉಪ್ಪು ಮೆಣಸಿನಪುಡಿ ಉದುರಿಸಿ ಕೊಡುವುದು ಈಗ ಹಲವೆಡೆ ಬಳಕೆಗೆ ಬಂದಿದೆ. ಶಾಲೆಯ ಗೇಟಿನ ಹೊರಗೆ ಕಾಗದದ ಚೂರಿನಲ್ಲಿ ಪೇರಳೆ ಹೋಳು ತಿಂದ ತಲೆಮಾರಿಗೆ ಅದು ಮೊದಲ ಚಮಚಕ್ಕೇ ಗುರುತು ಸಿಗುತ್ತದೆ.

ಐಸ್‌ಕ್ರೀಂ ತಿಂದರೆ ದೇಹಕ್ಕೆ ತಂಪಾ, ಉಷ್ಣವಾ? ಈ ವಾದ ನಮ್ಮ ಮನೆಗಳಲ್ಲಿ ಮುಗಿಯುವುದೇ ಇಲ್ಲ. ಸುಮ್ಮನೆ ಲೆಕ್ಕ ಹಾಕಿ ನೋಡೋಣ. ನೂರು ಗ್ರಾಂ ಐಸ್‌ಕ್ರೀಮಿನ ಹರಳು ಕರಗಿಸಿ ಅದನ್ನು ಮೈಯ ಶಾಖಕ್ಕೆ ತರಲು ದೇಹ ಖರ್ಚು ಮಾಡುವ ಶಾಖ ಹತ್ತು ಕಿಲೋಕ್ಯಾಲರಿಯೂ ಆಗುವುದಿಲ್ಲ. ಅದೇ ನೂರು ಗ್ರಾಂ ದೇಹಕ್ಕೆ ಕೊಡುವುದು ಸುಮಾರು ಇನ್ನೂರು. ಅಂದರೆ ಅಜ್ಜಿ ಹೇಳುತ್ತಿದ್ದ ‘ಬಾಯಿಗೆ ಮಾತ್ರ ತಂಪು, ಬಾಯಾರಿಕೆಗೆ ಮಜ್ಜಿಗೆ’ ಎಂಬುದರಲ್ಲಿ ಹುರುಳಿದೆ. ಉರಿಬಿಸಿಲಿನಿಂದ ಬಂದವರು ಮೊದಲು ಒಂದು ಚೊಂಬು ನೀರು ಕುಡಿಯಲಿ. ಐಸ್‌ಕ್ರೀಮನ್ನು ಬಾಯಾರಿಕೆಗೆ ತಿಂದರೆ ಅವಸರದಲ್ಲಿ ತಿನ್ನುತ್ತೇವೆ, ಅವಸರದಲ್ಲಿ ತಿಂದರೆ ಹಣೆಯ ನಡುವೆ ಸೂಜಿ ಚುಚ್ಚಿದಂತೆ ನೋವು. ಅಂಗುಳಕ್ಕೆ ಏಕಾಏಕಿ ತಂಪು ತಾಗಿ ಅಲ್ಲಿನ ರಕ್ತನಾಳಗಳು ಕುಗ್ಗಿ ಹಿಗ್ಗುವಾಗ ನರ ಅದನ್ನು ಹಣೆಯ ನೋವೆಂದು ಮಿದುಳಿಗೆ ಹೇಳುತ್ತದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಗಡ್‌ಬಡ್. ಈ ಐಸ್‌ಕ್ರೀಂ ಕರಾವಳಿಯದ್ದು. ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರು ಹೇಳುತ್ತಾರೆ, ಮಂಗಳೂರಿನವರ ಬಾಯಲ್ಲಿ ಬರುವ ಹೆಸರು ಪ್ರಭಾಕರ ಕಾಮತರು 1975ರಲ್ಲಿ ಶುರು ಮಾಡಿದ ಐಡಿಯಲ್ ಐಸ್‌ಕ್ರೀಂ. ಎರಡೂ ಕಡೆಯ ಕತೆಯಲ್ಲಿ ಒಂದು ಅವಸರವಿದೆ: ಗಿರಾಕಿಗಳು ಏನಾದರೂ ಬೇಗ ಕೊಡಿ ಎಂದರಂತೆ, ಇದ್ದಬದ್ದದ್ದನ್ನೆಲ್ಲ ಒಂದು ಗ್ಲಾಸಿಗೆ ತುಂಬಿ ಗಡಿಬಿಡಿಯಲ್ಲಿ ಕೊಟ್ಟರಂತೆ. ಯಾವುದು ನಿಜವೋ, ಹೆಸರಂತೂ ಹಾಗೇ ನಿಂತಿತು. ಆದರೆ ಗಡಿಬಿಡಿಯಲ್ಲಿ ತಿನ್ನಲಾಗದಂತೆ ಕಟ್ಟಿದ ಐಸ್‌ಕ್ರೀಂ ಇದೊಂದೇ.

ಗ್ಲಾಸು ಉದ್ದ, ಚಮಚವೂ ಉದ್ದ. ತಳದಲ್ಲಿ ಕೆಂಪು ಜೆಲ್ಲಿ ನಡುಗುತ್ತಾ ಇರುತ್ತದೆ. ಅದರ ಮೇಲೆ ಹೆಚ್ಚಿದ ಬಾಳೆ, ಸೇಬು, ಅನಾನಸು, ದ್ರಾಕ್ಷಿ. ಮೇಲೆ ಒಂದು ಉಂಡೆ ಐಸ್‌ಕ್ರೀಂ, ಮತ್ತೆ ಹಣ್ಣು, ಮತ್ತೊಂದು ಬಣ್ಣದ ಉಂಡೆ, ಗೋಡಂಬಿ, ಒಣದ್ರಾಕ್ಷಿ, ಟೂಟಿಫ್ರೂಟಿ, ಇನ್ನೊಂದು ಉಂಡೆ, ನೆತ್ತಿಗೊಂದು ಚೆರ್ರಿ. ಟೂಟಿಫ್ರೂಟಿ ಎಂದರೆ ಪಪ್ಪಾಯಿ ಕಾಯಿಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಬಣ್ಣ ಹಾಕಿದ್ದು. ನಮ್ಮ ಹಿತ್ತಿಲಿನ ಕಾಯಿ ವೇಷ ಬದಲಿಸಿ ಬಂದದ್ದು ಎಂದು ತಿಳಿದ ದಿನ ನನಗೆ ಅದರ ಮೇಲೆ ಪ್ರೀತಿ ಹೆಚ್ಚಾಯಿತು.

ತಿನ್ನುವುದಕ್ಕೆ ಕ್ರಮವಿದೆ ಎಂಬುದು ನನ್ನ ವಾದ. ಮೊದಲೇ ಚಮಚ ತಳಕ್ಕಿಳಿಸಿ ಕಲಕಬಾರದು. ಮೇಲಿನ ಉಂಡೆಯನ್ನು ಅಂಚಿನಿಂದ, ಕರಗಿದ ಕಡೆಯಿಂದ, ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಹೋಗಬೇಕು. ಅಷ್ಟರಲ್ಲಿ ಎರಡನೆಯ ಉಂಡೆ ಮೆತ್ತಗಾಗಿ ಹಣ್ಣಿನ ಸಂದಿಗೆ ಇಳಿದಿರುತ್ತದೆ, ಅನಾನಸಿನ ಹುಳಿ ಅದಕ್ಕೆ ಹತ್ತಿರುತ್ತದೆ. ಗೋಡಂಬಿ ತಂಪಿಗೆ ಗಟ್ಟಿಯಾಗಿ ಕಟಕಟ ಅನ್ನುತ್ತದೆ, ಬಾಳೆಹಣ್ಣು ತಂಪಿಗೆ ಬೆಣ್ಣೆಯಾಗುತ್ತದೆ. ಒಂದೇ ಗ್ಲಾಸಿನಲ್ಲಿ ಪ್ರತಿ ಚಮಚಕ್ಕೂ ಬೇರೆ ರುಚಿ. ಹೊತ್ತು ಹೋದಂತೆ ರುಚಿ ಕೆಡುವ ಬದಲು ಏರುತ್ತಾ ಹೋಗುವ ಐಸ್‌ಕ್ರೀಂ ಇನ್ನೊಂದನ್ನು ನಾನು ಕಂಡಿಲ್ಲ.

ಕಳೆದ ಬೇಸಗೆಯಲ್ಲಿ ಅಕ್ಕನ ಮೊಮ್ಮಗಳನ್ನು ಗಡ್‌ಬಡ್ ತಿನ್ನಿಸಲು ಮಂಗಳೂರಿನ ಹಂಪನಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಏಳು ವರ್ಷ. ಕುರ್ಚಿಯ ಮೇಲೆ ಮಂಡಿಯೂರಿ ನಿಂತರೆ ಮಾತ್ರ ಗ್ಲಾಸಿನ ಬಾಯಿ ಕಾಣುತ್ತದೆ. ಚೆರ್ರಿಯನ್ನು ತೆಗೆದು ತಟ್ಟೆಯ ಅಂಚಿನಲ್ಲಿ ಕಾದಿರಿಸಿಕೊಂಡಳು. ನಾನು ಕ್ರಮದ ಪಾಠ ಹೇಳುವುದರೊಳಗೆ ಚಮಚವನ್ನು ಸೀದಾ ತಳಕ್ಕೆ ಚುಚ್ಚಿ ಜೆಲ್ಲಿಯನ್ನು ಮೇಲೆತ್ತಿದಳು. ಉಂಡೆಗಳು ಒಂದಕ್ಕೊಂದು ಒರಗಿ ಗುಲಾಬಿ, ಹಸಿರು, ಬಿಳಿ ಎಲ್ಲ ಬೆರೆತು ಗ್ಲಾಸಿನ ಹೊರಗೆ ಇಳಿಯತೊಡಗಿತು. ಅವಳು ಚಮಚ ಬದಿಗಿಟ್ಟು ಗ್ಲಾಸಿನ ಮೈಯನ್ನು ಬೆರಳಿನಿಂದ ಒರೆಸಿ ಒರೆಸಿ ನೆಕ್ಕಿದಳು. ಕೊನೆಗೆ ಎರಡು ಕೈಯಲ್ಲಿ ಗ್ಲಾಸೆತ್ತಿ, ತಲೆ ಹಿಂದಕ್ಕೆ ವಾಲಿಸಿ, ತಳದಲ್ಲಿ ಉಳಿದಿದ್ದ ಹಣ್ಣು ಜೆಲ್ಲಿ ಹಾಲೆಲ್ಲ ಕೂಡಿದ ಗುಲಾಬಿ ರಸವನ್ನು ಗಟಗಟ ಕುಡಿದಳು. ಮೂಗಿನ ತುದಿಯಲ್ಲೊಂದು ದ್ರಾಕ್ಷಿಯ ಸಿಪ್ಪೆ ಅಂಟಿತ್ತು.

‘ಅಜ್ಜಿ, ಎಲ್ಲಕ್ಕಿಂತ ಚಂದ ಇದು’ ಎಂದಳು, ಖಾಲಿ ಗ್ಲಾಸಿನ ತಳ ತೋರಿಸಿ. ಆಮೇಲೆ ಚೆರ್ರಿ ನೆನಪಾಗಿ ತಟ್ಟೆಯ ಕಡೆ ಕೈ ಚಾಚಿದಳು.